ಕೇಳಿದ್ದು ಒಂದು ಬೊಗಸೆ ಮಣ್ಣು

ಆ ಗುತ್ತಿಗೆದಾರನ ಫೋನಿನಲ್ಲಿ ತಲೆಯ ಮೇಲೆ ಪೇಟವಿಲ್ಲದ ಅವನ ಚಿತ್ರ ಒಂದೂ ಇರಲಿಲ್ಲ. ನಮ್ಮ ಕಡೆ ಗೃಹಪ್ರವೇಶದ ದಿನ, ನೆಂಟರಿಗೆ ಬಟ್ಟೆಬರೆಯ ಆಯೇರಿ ಮಾಡುವ ಮೊದಲು, ಮನೆ ಕಟ್ಟಿದವನನ್ನು ಮಣೆಯ ಮೇಲೆ ಕೂರಿಸಿ ಪೇಟ ಸುತ್ತಿ ಶಾಲು ಹೊದಿಸುವ ರೂಢಿಯಿದೆ. ಆತ ಅಂಥ ಪ್ರತಿಯೊಂದು ಪೇಟವನ್ನೂ ಫೋಟೊ ತೆಗೆಸಿ ಇಟ್ಟುಕೊಂಡಿದ್ದ. ನಮ್ಮ ಪಡಸಾಲೆಯಲ್ಲಿ ಕೂತು, ಕೊಟ್ಟ ಚಹಾ ಆರಿಹೋಗುವವರೆಗೂ ಹೆಬ್ಬೆರಳಿನಿಂದ ಒಂದೊಂದೇ ಮನೆ ಸರಿಸುತ್ತ ಹೋದ.

“ಇದು ರೂಪನಗುಡಿ ಸಾವ್ಕಾರ್ರ ಮನಿ. ಇದು ಬಳ್ಳಾರ್ಯಾಗ ಡಾಕ್ಟರ್ ಮನಿ. ಇಲ್ನೋಡ್ರಿ, ಈ ಅಜ್ಜ ಅಳಾಕತ್ಯಾನ. ಖುಷಿಗ್ರಿ, ಖುಷಿಗೆ.”

ಚಿಕ್ಕಮ್ಮ ಕರಗಿಹೋದಳು. ನಾನು ಸುಲಭಕ್ಕೆ ಕರಗುವವಳಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ‘ಸಾಕ್ಷಿ ಎಲ್ಲಿ?’ ಎಂದು ಎದುರಾಳಿಯ ಕುತ್ತಿಗೆ ಹಿಡಿದೇ ಬೆಳೆದವಳು. ಇಲ್ಲಿ ಸಾಕ್ಷಿಗಳು ಸಾಲುಗಟ್ಟಿ ನಿಂತಿದ್ದವು. ಇಷ್ಟು ಮನೆಯವರು ಸೇರಿ ಸುಳ್ಳು ಹೇಳಲಾರರು ಎಂದುಕೊಂಡೆ. ಅವರು ಸುಳ್ಳು ಹೇಳಿರಲೂ ಇಲ್ಲ. ಪೇಟ ಸುತ್ತಿದ ದಿನ ಅವರ ಮನೆಗಳು ಇನ್ನೂ ಒಂದು ಮಳೆಗಾಲವನ್ನೂ ಕಂಡಿರಲಿಲ್ಲ, ಅಷ್ಟೆ.

ಮನೆ ಇರುವುದು ಕುರುಗೋಡಿನಲ್ಲಿ. ಅಲ್ಲಿ ಚಿಕ್ಕಮ್ಮ ಜೋಳದ ರೊಟ್ಟಿ ಕೇಂದ್ರ ನಡೆಸುತ್ತಾಳೆ. ಓಣಿಯ ಹೆಂಗಸರು ಪಡಸಾಲೆಯಲ್ಲಿ ಕೂತು ರೊಟ್ಟಿ ಬಡಿಯುತ್ತಾರೆ. ಗಿರಾಕಿ, ಗಾಡಿ, ಪರವಾನಗಿ, ಜಗಳ ಇಂಥ ಹೊರಗಿನ ಕೆಲಸಗಳೆಲ್ಲ ನನ್ನವು. ಬಳ್ಳಾರಿಯ ಒಂದು ದೊಡ್ಡ ಹಾಸ್ಟೆಲ್ಲಿನವರು ದಿನವೂ ನಮ್ಮಿಂದಲೇ ರೊಟ್ಟಿ ಕೊಳ್ಳಲು ಒಪ್ಪಿದ್ದರು. ಷರತ್ತು ಒಂದೇ: ಅಡುಗೆಯ ಜಾಗ ಆಹಾರ ತಪಾಸಣೆಯಲ್ಲಿ ಪಾಸಾಗಬೇಕು. ಆ ಆರ್ಡರು ಕೈಗೆ ಬಂದರೆ ಹೆಂಗಸರಿಗೆ ವರ್ಷವಿಡೀ ನೆರಳಿನಲ್ಲಿ ಕೂತು ಮಾಡುವ ಕೆಲಸ. ಬಾರದಿದ್ದರೆ ಮದುವೆಯ ದಿನಗಳು ಮುಗಿದೊಡನೆ ಅವರು ಮತ್ತೆ ಬಿಸಿಲಲ್ಲಿ ಮೆಣಸಿನಕಾಯಿ ಬಿಡಿಸಲು ಹೋಗಬೇಕು. ಮಣ್ಣು ಉದುರುವ ಮಾಳಿಗೆ, ಹೊಗೆ ಕುಡಿದ ತೊಲೆ, ರಸ್ತೆಗಿಂತ ತಗ್ಗಾದ ನೆಲ ನೋಡಿ ಯಾವ ಅಧಿಕಾರಿಯೂ ಪಾಸು ಮಾಡುವುದಿಲ್ಲ. ಹಾಗಾಗಿ ಮನೆಯನ್ನು ತಿದ್ದಲೇಬೇಕಿತ್ತು.

ಮಣ್ಣಿನ ಮಾಳಿಗೆ ನೋಡದವರಿಗೆ ಅದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಈ ಕಥೆಯ ಹಗೆಯೆಲ್ಲ ಅಲ್ಲೇ ಇದೆ. ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಈಚಲು ಚಾಪೆ ಮತ್ತು ಬೇವಿನ ತಪ್ಪಲು, ಎಲ್ಲದರ ಮೇಲೆ ದಪ್ಪಗೆ ಸವಳು ಮಣ್ಣು. ಸವಳೆಂದರೆ ಉಪ್ಪು ಕೂಡಿದ ಬೂದು ಮಣ್ಣು. ಹೊಲದಲ್ಲಿದ್ದರೆ ಬೆಳೆಯನ್ನು ಸುಡುತ್ತದೆ, ಮಾಳಿಗೆಯ ಮೇಲಿದ್ದರೆ ಮನೆಯನ್ನು ಕಾಯುತ್ತದೆ. ನೀರು ಬಿದ್ದೊಡನೆ ಮೆತ್ತಗಾಗಿ ತನ್ನ ಬಿರುಕನ್ನು ತಾನೇ ಮುಚ್ಚಿಕೊಂಡು ಕೆಳಗೆ ಹನಿ ಬಿಡುವುದಿಲ್ಲ. ಪ್ರತಿ ವರ್ಷ ಮುಂಗಾರಿಗೆ ಮೊದಲು ಚಿಕ್ಕಮ್ಮ ತಾನೇ ಏಣಿ ಹತ್ತಿ, ಹೊಸ ಪದರ ಹರಡಿ, ಸೀರೆ ಎತ್ತಿ ಕಟ್ಟಿ ತುಳಿಯುತ್ತಿದ್ದಳು.

ಒಪ್ಪಂದ ಹೀಗಿತ್ತು: ಮಾಳಿಗೆ ಇಳಿಸಿ ಸ್ಲ್ಯಾಬು ಹಾಕಬೇಕು. ಸವಳನ್ನು ಊರಾಚೆ ಸಾಗಿಸಬೇಕು. ಗುಡ್ಡದ ಗರಸು, ಅಂದರೆ ಹರಳುಗೂಡಿದ ಕೆಂಪು ಮಣ್ಣು, ತಂದು ಭರ್ತಿ ಮಾಡಿ, ದಿಮ್ಮಿಸಿ, ನೆಲವನ್ನು ರಸ್ತೆಗಿಂತ ಎತ್ತರಿಸಿ ಟೈಲ್ಸ್ ಕೂರಿಸಬೇಕು. ಗೋಡೆಗೆ ಹೊಸ ಗಿಲಾವು.

ಮಾಳಿಗೆ ಇಳಿಸುವ ದಿನ ಚಿಕ್ಕಮ್ಮ ಒಂದೇ ಒಂದು ಮಾತು ಕೇಳಿಕೊಂಡಳು. ಹಳೆಯ ಮಾಳಿಗೆಯ ಮಣ್ಣನ್ನು ಪೂರ್ತಿ ಹೊರಗೆ ಚೆಲ್ಲಬಾರದು ಎನ್ನುವುದು ನಮ್ಮ ಮನೆತನದ ನಡೆ.

“ನಮ್ಮ ತಲಿ ಕಾಯ್ದ ಮಣ್ಣದು. ಹೊಸಲಿ ಕೆಳಗ ಒಂದ್ ಬೊಗಸಿ ಇಡ್ರಿ, ಸಾಕು.”

ಅವನು ಎರಡೂ ಕೈ ಮುಗಿದ. “ಆತ್ರಿ ಅವ್ವಾರ. ದೇವ್ರ ಕೆಲಸ ಅದು, ಮರಿತೀನೇನು?”

ಕೆಲಸ ಮುಗಿಯುವವರೆಗೆ ನಾವೂ ರೊಟ್ಟಿಯ ಒಲೆಯೂ ಬೇರೆ ಓಣಿಯ ಬಾಡಿಗೆ ಮನೆಗೆ ಹೋದೆವು. ನಾನು ವಾರಕ್ಕೊಮ್ಮೆ ಹೋಗಿ ಸ್ಲ್ಯಾಬಿನ ಕಬ್ಬಿಣ ಎಣಿಸಿದೆ, ಸಿಮೆಂಟು ಚೀಲ ನೋಡಿದೆ, ಮರಳು ಉಜ್ಜಿ ನೋಡಿದೆ. ಮೇಲೆ ಹೋಗುವುದರ ಮೇಲೆಯೇ ಕಣ್ಣು. ಕೆಳಗೆ ಹೋದದ್ದು ಒಂದೇ ಮಧ್ಯಾಹ್ನದಲ್ಲಿ ಹೋಯಿತು. ಆ ಹೊತ್ತಿಗೆ ನಾನು ಬಳ್ಳಾರಿಯಲ್ಲಿ ಹಾಸ್ಟೆಲ್ ಮ್ಯಾನೇಜರನ ಮುಂದೆ ಕೂತಿದ್ದೆ.

ಬೇಸಿಗೆ ಮುಗಿಯುವ ಮುನ್ನ ಕೆಲಸ ಮುಗಿಯಿತು. ಚಿಕ್ಕಮ್ಮ ಅವನಿಗೆ ಜರಿಯಂಚಿನ ಪೇಟ ಸುತ್ತಿದಳು. ಅವಳ ಕಣ್ಣೂ ಒದ್ದೆಯಾಯಿತು. ಅವನು ಫೋಟೊ ತೆಗೆಸಿಕೊಂಡ.

ನಮ್ಮ ಕಡೆ ಮಳೆ ಬರುವುದೇ ಕಡಿಮೆ, ಬಂದಷ್ಟೇ ಸಾಕಾಯಿತು. ಮೊದಲು ಗೋಡೆಯ ಬುಡದಲ್ಲಿ ಯಾರೋ ರಂಗೋಲಿ ಪುಡಿ ಚೆಲ್ಲಿದಂತೆ ಕಂಡಿತು. ಒರೆಸಿದರೆ ಹೋಯಿತು, ಮರುದಿನ ಮತ್ತೆ ಬಂತು. ಆಮೇಲೆ ಬಣ್ಣ ಗುಳ್ಳೆ ಎದ್ದಿತು. ಗಿಲಾವು ಬೆರಳು ತಾಗಿದರೆ ಸಕ್ಕರೆಯ ಹಾಗೆ ಉದುರತೊಡಗಿತು. ಟೈಲ್ಸಿನ ಸಂದುಗಳಲ್ಲಿ ಬಿಳಿ ಗೆರೆ ಮೂಡಿದವು, ಹಿಟ್ಟಿನ ಡಬ್ಬಿಗಳ ಕೆಳಗೆ ಒದ್ದೆ ಉಂಗುರಗಳು. ರೊಟ್ಟಿ ಬಡಿಯುವ ಹೆಂಗಸರಲ್ಲಿ ಹಿರಿಯಳೊಬ್ಬಳು ಹಿಟ್ಟನ್ನು ಮೂಸಿ ನೋಡಿ ಪಕ್ಕಕ್ಕಿಟ್ಟಳು.

ಗುತ್ತಿಗೆದಾರ ಬಂದು ಗೋಡೆಯನ್ನು ತಟ್ಟಿದ, ಎಮ್ಮೆಯ ಬೆನ್ನು ತಟ್ಟಿದ ಹಾಗೆ.

“ಹೊಸ ಮನಿ ಬೆವರ್ತೈತ್ರಿ. ಒಂದ್ ಬ್ಯಾಸಿಗಿ ಹೋಗ್ಲಿ, ತಾನ ಸುಮ್ಮನಾಗತೈತಿ.”

ಮೇಲೆ ಎಂಥದೋ ನೀರು ತಡೆಯುವ ಬಣ್ಣ ಬಳಿಸಿದ. ದೀಪಾವಳಿಯ ಹೊತ್ತಿಗೆ ಅದು ಹಾವಿನ ಪೊರೆಯಂತೆ ಕಳಚಿ ಬಿತ್ತು.

ತಪಾಸಣೆಗೆ ಬಂದ ಅಧಿಕಾರಿ ಒಳ್ಳೆಯ ಮನುಷ್ಯ, ಕೂಗಾಡಲಿಲ್ಲ. ಗೋಡೆಗೆ ಕರವಸ್ತ್ರ ಒತ್ತಿ, ಅಂಟಿದ ಪುಡಿಯನ್ನು ಚಿಕ್ಕಮ್ಮನಿಗೇ ತೋರಿಸಿದ. “ಇದು ಹಿಟ್ಟಿನ್ಯಾಗ ಬಿದ್ರ ಯಾರ್ ಜವಾಬ್ದಾರಿ ತಾಯಿ? ಸರಿ ಮಾಡಿಸ್ರಿ, ಮತ್ತ ಬರ್ತೀನಿ.” ಹಾಸ್ಟೆಲ್ಲಿನವರು ಮುಂದಿನ ಜೂನ್‌ವರೆಗೆ ಕಾಯುತ್ತೇವೆ, ಆಮೇಲೆ ಬೇರೆಯವರನ್ನು ನೋಡುತ್ತೇವೆ ಎಂದರು. ಅವರದೂ ತಪ್ಪಲ್ಲ. ಆ ದಿನ ಹೆಂಗಸರು ಮಾತಾಡದೆ ರೊಟ್ಟಿ ಬಡಿದರು. ರೊಟ್ಟಿ ಬಡಿಯುವ ಜಾಗದಲ್ಲಿ ಮಾತಿಲ್ಲದಿದ್ದರೆ ಆ ಸದ್ದು ಎಂಥದು ಎಂದು ಕೇಳಿದವರಿಗೇ ಗೊತ್ತು.

ಒಲೆಯ ಹತ್ತಿರ ಒಂದು ಟೈಲ್ಸ್ ಆಗಲೇ ಅಲುಗುತ್ತಿತ್ತು. ಅದನ್ನು ಕಿತ್ತು, ಹಾರೆಯಿಂದ ಕೆಳಗಿನ ಕಾಂಕ್ರೀಟಿನ ತೆಳು ಹಪ್ಪಳ ಒಡೆದೆ. ಗರಸಾಗಿದ್ದರೆ ಕೆಂಪಗೆ, ಹರಳು ಹರಳಾಗಿ ಇರಬೇಕಿತ್ತು. ಕೈಗೆ ಬಂದದ್ದು ನುಣ್ಣನೆಯ ಬೂದು ಮಣ್ಣು. ಅದರಲ್ಲಿ ಈಚಲು ಚಾಪೆಯ ಚೂರು, ಬೇವಿನ ಎಲೆಯ ಒಣ ನರಗಳು. ಚಿಕ್ಕಮ್ಮ ಒಂದು ಚಿಟಿಕೆ ನಾಲಿಗೆಗೆ ಇಟ್ಟುಕೊಂಡಳು. ತನ್ನ ಕಾಲಿನಿಂದ ತಾನೇ ತುಳಿದ ಮಣ್ಣು ಅವಳಿಗೆ ಗುರುತು ಸಿಗದೇ ಇರುತ್ತದೆಯೇ?

“ಇದು ನಮ್ಮ ಮಾಳಿಗಿ ಮಣ್ಣು,” ಎಂದಳು. “ಕೆಳಗ ಹಾಕ್ಯಾನ.”

ತಲೆಯ ಮೇಲಿದ್ದ ಇಡೀ ಮಾಳಿಗೆಯನ್ನು ಅವನು ಕಾಲ ಕೆಳಗೆ ಹೂತಿದ್ದ. ಸವಳನ್ನು ಹೊರಗೆ ಸಾಗಿಸುವ ಗಾಡಿಯ ಖರ್ಚು ಉಳಿಯಿತು, ಗರಸು ತರುವ ಗಾಡಿಯದೂ ಉಳಿಯಿತು. ಮೇಲಿದ್ದಾಗ ನೀರು ತಡೆದ ಮಣ್ಣು ಕೆಳಗೆ ಹೋದಮೇಲೆ ನೆಲದ ತೇವವನ್ನು ಹೀರಿ, ತನ್ನ ಉಪ್ಪನ್ನು ಅದರಲ್ಲಿ ಕರಗಿಸಿ ಗೋಡೆಗೆ ಏರಿಸುತ್ತಿತ್ತು. ನೀರು ಗಾಳಿಗೆ ಆರುತ್ತಿತ್ತು, ಉಪ್ಪು ಗೋಡೆಯಲ್ಲೇ ಅರಳಿ ಗಿಲಾವನ್ನು ಒಳಗಿನಿಂದ ಒಡೆಯುತ್ತಿತ್ತು.

ಆ ಮಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಬಳ್ಳಾರಿಯ ಅವನ ಆಫೀಸಿಗೆ ಹೋದೆ. ಒಳಗೆ ಹೆಜ್ಜೆಯಿಟ್ಟವಳು ಅಲ್ಲೇ ನಿಂತೆ. ಅವನ ಕುರ್ಚಿಯ ಹಿಂದಿನ ಗೋಡೆಯ ತುಂಬ ಫ್ಲೆಕ್ಸು. ಫ್ಲೆಕ್ಸಿನ ನಡುವೆ ಒದ್ದೆಗಣ್ಣಿನ ನನ್ನ ಚಿಕ್ಕಮ್ಮ, ಅವನ ತಲೆಗೆ ಪೇಟ ಸುತ್ತುತ್ತಿದ್ದಳು. ಎದುರಿಗೆ ಹೊಸ ಗಿರಾಕಿಗಳಿಬ್ಬರು ಅದನ್ನೇ ನೋಡುತ್ತ ಕೂತಿದ್ದರು.

ಮೇಜಿನ ಮೇಲೆ ಚೀಲ ಇಟ್ಟೆ.

“ಏನ್ ಮೇಡಂ, ಯಾವ ಗುಡಿ ಪ್ರಸಾದ?”

“ನೆಕ್ಕಿ ನೋಡ್ರಿ, ಗೊತ್ತಾಗತೈತಿ.”

ನೆಕ್ಕಲಿಲ್ಲ. ನೋಡಿದ. ಮುಖದಲ್ಲಿ ಏನೂ ಅಲುಗಲಿಲ್ಲ. ಅದನ್ನು ಮಾತ್ರ ನಾನು ಇವತ್ತಿಗೂ ಮೆಚ್ಚುತ್ತೇನೆ. “ನಿಮ್ಮ ಚಿಗವ್ವನ ಇಡ್ರಿ ಅಂದಿದ್ರು. ನಾನ್ ಹಿರೇರ ಮಾತು ಮೀರಾಂವಲ್ಲ.”

“ಆಕಿ ಕೇಳಿದ್ದು ಒಂದ್ ಬೊಗಸಿ.”

“ಯಾರ ಬೊಗಸಿ ಅಂತ ಹೇಳಿದ್ದಿಲ್ಲಲ್ರಿ?” ಎರಡೂ ಅಂಗೈ ಜೋಡಿಸಿ ನನ್ನ ಮುಂದೆ ಹಿಡಿದ. “ನನ್ನ ಬೊಗಸಿ ಸ್ವಲ್ಪ ದೊಡ್ಡದೈತಿ.”

ಗಿರಾಕಿಗಳು ನಕ್ಕರು. ಚಹಾ ತಂದವನೂ ನಕ್ಕ.

“ಆ ಫೋಟೊ ತಗೀರಿ,” ಎಂದೆ.

“ಯಾಕ್ರಿ? ಅವ್ವಾರು ಖುಷೀಲೆ ಕಟ್ಯಾರ. ಸುಳ್ಳೇನೈತಿ ಅದರಾಗ?”

ಸುಳ್ಳಿರಲಿಲ್ಲ. ಅದೇ ನನ್ನನ್ನು ಸುಟ್ಟದ್ದು. ವಾದದಲ್ಲಿ ಸೋಲುವುದು ನನಗೆ ಗೊತ್ತು. ಆದರೆ ನನ್ನದೇ ಮನೆಯವಳನ್ನು ಎದುರು ಪಕ್ಷದ ಸಾಕ್ಷಿ ಮಾಡಿ ನಿಲ್ಲಿಸಿ ಸೋಲಿಸಿದ್ದು ಇವನೊಬ್ಬನೇ. ಬಸ್ಸಿನಲ್ಲಿ ಕುರುಗೋಡಿಗೆ ವಾಪಸಾಗುವಾಗ ಅವನಿಗೆ ಏನೇನು ಮಾಡಬಹುದೆಂದು ಯೋಚಿಸಿದೆ. ಪರಿಚಯದ ವಕೀಲರು ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದು, ಕಾಯಬೇಕಾಗುತ್ತದೆ ಎಂದರು. ಕಾಯಲು ನನಗೆ ಅಭ್ಯಂತರವಿರಲಿಲ್ಲ; ಜೂನ್ ಕಾಯುವುದಿಲ್ಲವಲ್ಲ! ಅದೂ ಅಲ್ಲದೆ, ಅವನು ಪರಿಹಾರ ಕೊಟ್ಟು ಹಗುರಾಗುವುದು ನನಗೆ ಬೇಕಿರಲಿಲ್ಲ. ಆ ಫೋಟೊ ನೋಡಿದವರೆಲ್ಲ ನಮ್ಮ ಗೋಡೆಯನ್ನೂ ನೋಡಬೇಕು. ಅಷ್ಟೇ ಬೇಕಿತ್ತು.

ಆದರೆ ಮೊದಲು ಗೋಡೆ ಸರಿಮಾಡುವವರನ್ನು ಹುಡುಕಬೇಕಿತ್ತು. ಈ ಸಲ ನಾನು ನಿಯಮ ಮಾಡಿಕೊಂಡೆ. ಹೊಸ ಮನೆ ನೋಡುವುದಿಲ್ಲ, ಕನಿಷ್ಠ ಒಂದು ಮಳೆಗಾಲ ಉಂಡ ಮನೆಯನ್ನೇ ನೋಡಬೇಕು. ಮನೆಯ ಯಜಮಾನನನ್ನು ಕೇಳುವುದಿಲ್ಲ, ಆ ನೆಲ ಒರೆಸುವವರನ್ನು ಕೇಳಬೇಕು. ಗುತ್ತಿಗೆದಾರನಿಗೆ ಕೇಳುವುದು ಒಂದೇ ಪ್ರಶ್ನೆ: “ನಿಮ್ಮ ಕೆಲಸ ಕೆಟ್ಟದ್ದು ಎಲ್ಲಿ?”

ಬಳ್ಳಾರಿಯ ಒಬ್ಬ, ಟ್ಯಾಬಿನಲ್ಲಿ ನಮ್ಮ ಅಡುಗೆಮನೆಯನ್ನು ಗಾಳಿಯಲ್ಲಿ ತಿರುಗಿಸಿ ತೋರಿಸಿದ. ಒಲೆಯ ಜಾಗದಲ್ಲಿ ಹೂಕುಂಡ ಇಟ್ಟಿದ್ದ. ಕೆಟ್ಟದ್ದು ಎಲ್ಲಿ ಎಂದರೆ, “ನಮ್ಮಲ್ಲಿ ಆ ಪ್ರಶ್ನೆಯೇ ಬರಲ್ಲ ಮೇಡಂ” ಎಂದು ಪೇಟೆಯ ಕನ್ನಡದಲ್ಲಿ ನಕ್ಕ. ಎದ್ದು ಬಂದೆ. ಇನ್ನೊಬ್ಬ ಬಾದನಹಟ್ಟಿಯವನು, ದೂರದ ಸಂಬಂಧಿ. ನಮ್ಮ ಮಾವ ಕಳಿಸಿದವನು. ನಮ್ಮ ಗೋಡೆಯ ಮುಂದೆ ನಿಂತು ಹಳೆಯ ಗುತ್ತಿಗೆದಾರನನ್ನು ಎಷ್ಟು ಚೆನ್ನಾಗಿ ಬೈದನೆಂದರೆ ನನಗೆ ತಂಪಾಯಿತು. ಅಲ್ಲೇ ಮುಂಗಡ ಕೊಟ್ಟುಬಿಡುತ್ತಿದ್ದೆನೋ ಏನೋ. ಆದರೆ ನಿಯಮ ನಿಯಮವೇ. ಅವನು ಕಟ್ಟಿದ ಮನೆಯೊಂದಕ್ಕೆ ಹೋಗಿ, ನೆಲ ಒರೆಸುತ್ತಿದ್ದ ಸೊಸೆಯನ್ನು ಕೇಳಿದೆ. ಅವಳು ಅತ್ತೆ ಒಳಗಿದ್ದಾಳೋ ಎಂದು ನೋಡಿಕೊಂಡು, ಬಚ್ಚಲ ಕಡೆ ಬೆರಳು ಮಾಡಿದಳು. “ನೀರು ಬಾಗಿಲಿಗೆ ಬರತೈತ್ರಿ, ಮೋರಿಗೆ ಹೋಗಂಗಿಲ್ಲ. ದಿನಾ ನಾನ ತಳ್ತೀನಿ.” ಬೈಯಲು ಅಷ್ಟು ಚೆನ್ನಾಗಿ ಬರುತ್ತಿದ್ದವನಿಗೆ ನೆಲಕ್ಕೆ ಇಳಿಜಾರು ಕೊಡಲು ಬರುತ್ತಿರಲಿಲ್ಲ.

ನಮಗೆ ಜೋಳ ಕೊಡುವ ವ್ಯಾಪಾರಿ ಹೇಳಿದ: “ಸಿರುಗುಪ್ಪದಾಗ ಒಬ್ಬಾಕಿ ಅದಾಳ. ಅಕ್ಕಿ ಮಿಲ್ಲಿನ ನೆಲ ಮಾಡಸ್ತಾಳ. ಕೆಲಸ ಬರೋಬ್ಬರಿ, ಬಾಯಿ ಮಾತ್ರ ಸುಮಾರು.”

ಸಿರುಗುಪ್ಪದ ಸುತ್ತ ಕಾಲುವೆ ನೀರು, ಭತ್ತ, ಸವಳು ಹಿಡಿದ ಹೊಲ. ಅಲ್ಲಿ ನೆಲದ ತೇವ ತಡೆಯದವರು ಗೋದಾಮು ಕಟ್ಟಿ ಉಳಿಯಲಾರರು. ಆಕೆ ಒಂದು ಮಿಲ್ಲಿನ ಅಂಗಳದಲ್ಲಿ ಸಿಕ್ಕಳು. ಐವತ್ತು ದಾಟಿದವಳು, ಸೊಂಟಕ್ಕೆ ಸೆರಗು ಬಿಗಿದು, ಕಾಂಕ್ರೀಟ್ ಕಲೆಸುವವನಿಗೆ ತೆಲುಗಿನಲ್ಲಿ ಬೈಯುತ್ತಿದ್ದಳು. ನನ್ನ ಪ್ರಶ್ನೆ ಕೇಳಿ ಸೊಂಟದ ಮೇಲೆ ಕೈಯಿಟ್ಟಳು.

“ಕೆಟ್ಟದ್ದು ನೋಡಬೇಕೇನಮ್ಮಾ? ಬಾ, ನಡಿ.”

ಪಕ್ಕದ ಮಿಲ್ಲಿಗೆ ಎಳೆದುಕೊಂಡು ಹೋದಳು. ಅಲ್ಲಿನ ನೆಲದಲ್ಲಿ ಉದ್ದಕ್ಕೂ ಒಂದು ಬಿರುಕು, ಅದಕ್ಕೆ ತೇಪೆ. “ಎರಿಭೂಮಿ, ಒಣಗಿದ್ರ ಬಿರಿಯೋ ಕರಿಮಣ್ಣು. ಆಳ ತಗೀಬೇಕಿತ್ತು, ಅವಸರ ಮಾಡಿದೆ. ಇದು ನಂದ ತಪ್ಪು.”

ಮಿಲ್ಲಿನ ಮಾಲೀಕ ಒಳಗಿನಿಂದಲೇ ಕೂಗಿದ: “ಬಂದ್ಲು ನೋಡು ಮಾರಾಯ್ತಿ! ಊರಿಗೆಲ್ಲ ನನ್ನ ನೆಲಾನ ತೋರಿಸ್ಕೋಂತ ತಿರುಗು!”

“ನಿನ್ನ ಭತ್ತ ಒದ್ದಿ ಆಗೇತೇನು?”

“ಆಗಿದ್ರ ನಿನ್ನ ಇಲ್ಲಿ ನಿಂದ್ರಿಸ್ತಿದ್ನೇನು?” ಎಂದವನು ನನ್ನತ್ತ ತಿರುಗಿ, “ಹೊಸ ಗೋದಾಮೂ ಈಕೀಗೇ ಕೊಟ್ಟೀನಿ ತಂಗಿ, ಏನ್ ಮಾಡ್ತಿ! ಬೈಯಾಕ ಒಬ್ರು ಬೇಕಲ್ಲ,” ಎಂದ.

ಅವನು ಬಾಯ್ತುಂಬ ಬೈದು, ಮತ್ತೆ ಕೆಲಸ ಕೊಟ್ಟಿದ್ದ. ಅದಕ್ಕಿಂತ ಗಟ್ಟಿ ಸಾಕ್ಷಿ ನಾನು ಯಾವ ವೇದಿಕೆಯ ಮೇಲೂ ಕಂಡಿರಲಿಲ್ಲ.

“ನಿಮಗೆ ಪೇಟ ಕಟ್ಟಿದ ಫೋಟೊ ಇಲ್ಲೇನ್ರಿ?” ಎಂದು ಕೆಣಕಿದೆ.

“ಹೆಂಗಸಿಗೆ ಯಾರ್ ಪೇಟ ಕಟ್ತಾರ? ಜಂಪರ್ ಪೀಸು ಕೊಡ್ತಾರ. ಪೆಟಿಗಿ ತುಂಬೇತಿ, ಬೇಕಾದ್ರ ಎರಡು ಒಯ್ಯಿ.”

ಕುರುಗೋಡಿಗೆ ಬಂದು ಆಕೆ ಗೋಡೆಯನ್ನು ತಟ್ಟಲಿಲ್ಲ. ಮೊಳೆಯಿಂದ ಅಲ್ಲಲ್ಲಿ ಕೆರೆದು, ಬಿಳುಪು ಎಲ್ಲಿಯವರೆಗೆ ಏರಿದೆಯೆಂದು ಇದ್ದಿಲಿನಿಂದ ಗೆರೆ ಎಳೆದಳು. ನೆಲ ಪೂರ್ತಿ ಅಗೆಯಬೇಕು, ಒಂದು ಬುಟ್ಟಿ ಸವಳೂ ಉಳಿಯಬಾರದು. ಗೆರೆಗಿಂತ ಒಂದು ಮೊಳ ಮೇಲಿನವರೆಗೆ ಗಿಲಾವು ಕಿತ್ತು ಗೋಡೆಯನ್ನು ಬೆತ್ತಲೆ ಬಿಡಬೇಕು. ನೀರು ಹಾಕಿ ತೊಳೆಯುವ ಹಾಗಿಲ್ಲ, ತೊಳೆದರೆ ಉಪ್ಪು ಮತ್ತೆ ಒಳಗೆ ಹೋಗುತ್ತದೆ. ಒಣ ಕಸಬರಿಗೆಯಿಂದ ಗುಡಿಸಿ, ನೆನೆಸಿದ ಕಾಗದದ ಮುದ್ದೆ ಮೆತ್ತಿ, ಅದು ಒಣಗುತ್ತ ಉಪ್ಪು ಹೀರಿದ ಮೇಲೆ ಕಿತ್ತೆಸೆಯಬೇಕು. ಉಪ್ಪು ನಿಲ್ಲುವವರೆಗೆ ಇದೇ ಕೆಲಸ. ಆಮೇಲೆ ಸಿಮೆಂಟಲ್ಲ, ಸುಣ್ಣದ ಗಿಲಾವು.

ಆಗಲೇ ನಾನು ಕೇಳಿದ್ದು: “ಜಗುಲಿ ಗ್ವಾಡಿ ಹಂಗ ಬಿಡಾಕ ಬರತೈತೇನ್ರಿ?”

ಜಗುಲಿ ಪಡಸಾಲೆಯ ಹೊರಗಿದೆ, ಗಿರಾಕಿಗಳು ರೊಟ್ಟಿಗೆ ಕಾಯುವ ಜಾಗ. ಅದರ ನೆಲದಡಿಗೂ ಅವನು ಸವಳು ತುಂಬಿದ್ದ, ಬದಿಯ ಗೋಡೆ ಆಳೆತ್ತರ ಬಿಳಿ ಅರಳಿ ನಿಂತಿತ್ತು.

“ಹುಚ್ಚೇನು ನಿಂಗ? ರೋಗ ಬಿಟ್ಟು ಮದ್ದು ಮಾಡ್ತಾರೇನು?”

“ರೋಗ ಯಾರು ತಂದ್ರು ಅಂತ ತೋರಸಬೇಕು.”

“ಅವನ ಮ್ಯಾಲಿನ ಸಿಟ್ಟಿಗೆ ನನ್ನ ಕೆಲಸ ಕೆಡಸ್ತೀಯ? ಅಲ್ಲಿನ ಉಪ್ಪು ಒಳಗ ಬಂದ್ರ ನಾಳಿ ನನ್ನ ಹೆಸರು ಹೇಳ್ತಿ.”

ವಾದ ಮಧ್ಯಾಹ್ನದ ಊಟದವರೆಗೂ ನಡೆಯಿತು. ಆ ಗೋಡೆ ಅಡುಗೆಯ ಗೋಡೆಗೆ ತಾಗಿಲ್ಲ, ನಡುವೆ ಹಳೆಯ ಕಲ್ಲಿನ ಕಂಬವಿದೆ ಎಂದು ತೋರಿಸಿದೆ. ಕಂಬದ ಬುಡದಲ್ಲಿ ತೇವ ದಾಟುತ್ತದೆ ಎಂದು ಆಕೆ ಖಂಡಿಸಿದಳು. ಹಾಗಾದರೆ ದಾಟದ ಹಾಗೆ ಮಾಡಿ, ನಿಮ್ಮ ಕೈಲಿ ಆಗದಿದ್ದರೆ ಆಗುವುದಿಲ್ಲವೆಂದು ಹೇಳಿ ಎಂದೆ. ಈ ಕೊನೆಯದು ವಾದವಲ್ಲ, ತಿವಿತ. ಆದರೆ ನಾಟಿತು. ಒಳಗೆ ಕೂತು ಎಲ್ಲವನ್ನೂ ಕೇಳುತ್ತಿದ್ದ ಚಿಕ್ಕಮ್ಮನ ಕಡೆ ಆಕೆ ತಿರುಗಿದಳು.

“ಮನಿ ನಿಂದಮ್ಮ. ನೀ ಏನಂತಿ?”

ಚಿಕ್ಕಮ್ಮ ಹಿಟ್ಟು ನಾದುವುದನ್ನು ನಿಲ್ಲಿಸದೆ, “ಹುಡುಗಿ ಹೇಳಿದಂಗ ಮಾಡ್ರಿ,” ಎಂದಳು. ಅದು ನನ್ನ ಮನಸ್ಸಿಗಾಗಿ ಆಡಿದ ಮಾತು ಎಂದುಕೊಂಡೆ.

ಜಗುಲಿಗೂ ಪಡಸಾಲೆಗೂ ನಡುವೆ ಆಳಕ್ಕೆ ಕಾಲುವೆ ತೋಡಿ ನಿಲುವಿನಲ್ಲಿ ಕಡಪ ಕಲ್ಲು ಹೂಳುವುದು, ಕಲ್ಲಿನ ಹಿಂದೆ ಜಲ್ಲಿ ತುಂಬುವುದು ಎಂದು ತೀರ್ಮಾನವಾಯಿತು. ಕೊನೆಯ ಕಂತು ಮಳೆಗಾಲ ಕಳೆದ ಮೇಲೆ ಎಂದು ಆಕೆಯೇ ಬರೆಸಿದಳು.

ಅಗೆತ ಶುರುವಾಯಿತು. ಪಡಸಾಲೆಯ ಸವಳು ಅಂಗಳದಲ್ಲಿ ಗುಡ್ಡವಾಯಿತು. ಇನ್ನೂ ಮಣ್ಣಿನ ಮಾಳಿಗೆಯಿದ್ದ ಬಾದನಹಟ್ಟಿಯ ರೈತನೊಬ್ಬ ಟ್ರ್ಯಾಕ್ಟರ್ ತಂದು ಅದನ್ನು ತುಂಬಿಕೊಂಡು ಹೋದ. ಇಂಥ ಹಳೇ ಸವಳು ಈಗ ಎಲ್ಲಿ ಸಿಗುತ್ತದೆ ಎಂದು ಅವನಿಗೆ ಹಿಗ್ಗೋ ಹಿಗ್ಗು. ಮಣ್ಣು ತನ್ನ ಜಾಗಕ್ಕೆ ಹೋಯಿತು.

ಆದರೆ ಕಡಪ ಕಲ್ಲಿನ ಗಾಡಿ ಬರಲಿಲ್ಲ. ಇವತ್ತು ಟೈರು, ನಾಳೆ ಡ್ರೈವರು ಎಂದು ಅಂಗಡಿಯವನು ಸಾಗಹಾಕಿದ. ಕೊನೆಗೆ, “ನಿಮ್ಮ ಮನಿಗೆ ಮಾಲು ಹಾಕಿದ್ರ ನನ್ನ ಕಡೆ ಖರೀದಿ ಬಂದ್ ಅಂದಾನ್ರಿ ನಿಮ್ಮ ಹಳೇ ಗುತ್ತಿಗೆದಾರ. ನಂದೂ ಹೊಟ್ಟಿಪಾಡು,” ಎಂದು ಒಪ್ಪಿಕೊಂಡ. ಅದೇ ದಿನಗಳಲ್ಲಿ ಸಿರುಗುಪ್ಪದ ಆಳುಗಳು ಎರಡನೇ ಬೆಳೆಯ ನಾಟಿಗೆ ಹೊರಟುಹೋದರು. ನಾಟಿಯ ಕಾಲದಲ್ಲಿ ಅಲ್ಲಿ ಯಾರ ಮಾತಿಗೂ ಯಾರೂ ನಿಲ್ಲುವುದಿಲ್ಲ. ಪಡಸಾಲೆ ಬಾಯಿ ತೆರೆದ ಗುಂಡಿಯಾಗಿ ಬಿದ್ದಿತ್ತು. ಹೆಂಗಸರು ಅಂಗಳದ ಬಿಸಿಲಲ್ಲಿ ತಗಡಿನ ಕೆಳಗೆ ರೊಟ್ಟಿ ಬಡಿದರು. ಇಬ್ಬರು ಮೆಣಸಿನಕಾಯಿ ಹೊಲಕ್ಕೆ ಹೋಗಿಯೇಬಿಟ್ಟರು.

ಅವನು ಹೆದರಿದ್ದಾನೆ ಎಂದು ನನಗೆ ಖುಷಿಯಾಗಿತ್ತು. ಸಿರುಗುಪ್ಪದಾಕೆಗೆ ಫೋನ್ ಮಾಡಿ ಅದನ್ನೇ ಹೇಳಿದೆ.

“ಖುಷಿ ಆಮ್ಯಾಲೆ ಪಡು. ಕುರುಗೋಡಿನ್ಯಾಗ ಕುಂತು ಕಡಪದ ಕಲ್ಲಿಗೆ ಅಳ್ತೀಯಲ್ಲ! ಸುತ್ತ ಏನೈತಿ ನೋಡು.”

ಸುತ್ತ ಇದ್ದದ್ದು ಕಲ್ಲಿನ ಗುಡ್ಡ. ಕಲ್ಲು ಕೊಯ್ಯುವ ಕಾರ್ಖಾನೆಯೊಂದರ ಹಿಂದೆ ಗ್ರಾನೈಟಿನ ತುಂಡುಗಳು ಬಿದ್ದಿದ್ದವು. ಮಾರಾಟಕ್ಕೆ ಬಾರದ, ಅಂಚು ಸೊಟ್ಟಾದ ಹೋಳುಗಳು. ಅಲ್ಲಿನವರಿಗೆ ನಮ್ಮ ರೊಟ್ಟಿ ದಿನವೂ ಹೋಗುತ್ತದೆ. ಒಂದು ಮಾತಿಗೆ ಕಳಿಸಿಕೊಟ್ಟರು. ನಾಟಿ ಮುಗಿಸಿ ಆಳುಗಳು ಕೈಕಾಲಿನ ಕೆಸರು ತೊಳೆದುಕೊಂಡು ಬಂದರು. ಗ್ರಾನೈಟ್ ಹೋಳುಗಳು ನೆಲದೊಳಗೆ ನಿಂತವು. ಪಡಸಾಲೆಗೆ ಗರಸು, ಕಲ್ಲು, ಮರಳು, ಪ್ಲಾಸ್ಟಿಕ್ ಹಾಳೆ, ಕಾಂಕ್ರೀಟು, ಒಂದರ ಮೇಲೊಂದು, ನಾನು ಎದುರಿಗೆ ನಿಂತಿರುವಾಗಲೇ. ನಾನಿಲ್ಲದ ದಿನ ಭರ್ತಿಯ ಕೆಲಸ ಬೇಡ ಎಂದವಳೂ ಆಕೆಯೇ. ಗೋಡೆಗೆ ಮೆತ್ತಿದ ಕಾಗದದ ಮುದ್ದೆಗಳು ಮೊದಮೊದಲು ಬಿಳಿ ಹೊತ್ತು ಬಿದ್ದವು, ಬರುಬರುತ್ತ ಬರಿಗೈಯಲ್ಲಿ ಬಿದ್ದವು.

ಹೊಸಲಿನ ಕಲ್ಲು ಕೂರಿಸುವಾಗ ಆಕೆ ಚಿಕ್ಕಮ್ಮನನ್ನು ಕರೆದಳು. “ಒಂದ್ ಬೊಗಸಿ ಇಡಬೇಕಂತಲ್ಲಮ್ಮ. ಡಬ್ಬ್ಯಾಗ ಹಾಕಿ ಮುಚ್ಚಿಡು, ಏನಾಗಂಗಿಲ್ಲ.” ಚಿಕ್ಕಮ್ಮ ಸ್ಟೀಲ್ ಡಬ್ಬಿಯಲ್ಲಿ ತಾನು ಮೊದಲೇ ಎತ್ತಿಟ್ಟಿದ್ದ ಸವಳು ತುಂಬಿ, ಮುಚ್ಚಳ ಒತ್ತಿ, ತಾನೇ ಇಟ್ಟಳು.

ತಪಾಸಣೆಯ ಅಧಿಕಾರಿ ಕರವಸ್ತ್ರ ಒತ್ತಿದ. ಅದು ಸ್ವಚ್ಛವಾಗಿ ಬಂತು. ಜೂನ್‌ನಲ್ಲಿ ಹಾಸ್ಟೆಲಿನ ಗಾಡಿ ಬಾಗಿಲಿಗೆ ನಿಂತಿತು. ಮೆಣಸಿನಕಾಯಿಗೆ ಹೋದ ಇಬ್ಬರೂ ವಾಪಸು ಬಂದರು.

ಮಳೆ ಬಂತು. ಪಡಸಾಲೆ ಒಣಗಿಯೇ ಇತ್ತು. ಜಗುಲಿಯ ಗೋಡೆ ಅರಳಿತು, ಹಿಂದಿನ ವರ್ಷಕ್ಕಿಂತ ಸೊಗಸಾಗಿ. ಅದರ ಎದುರಿಗೆ ಬೆಂಚು ಹಾಕಿಸಿದ್ದೆ. ಕಾಯುವ ಗಿರಾಕಿ ನೋಡುವುದು ಅದನ್ನೇ, ಕೇಳುವುದೂ ಅದನ್ನೇ: “ಒಳಗ ಇಷ್ಟು ಛಲೋ ಐತಿ, ಇದ್ಯಾಕ ಹಿಂಗ?” ಹೆಂಗಸರಿಗೆ ಹೇಳಿಕೊಟ್ಟಿದ್ದೆ. ಬೈಯಬಾರದು, ಉಪ್ಪುಖಾರ ಸೇರಿಸಬಾರದು. ಯಾವ ಮಣ್ಣು, ಎಲ್ಲಿ ತುಂಬಿದ್ದು, ಯಾರು ತುಂಬಿದ್ದು, ಇಷ್ಟೇ. ನಿಜಕ್ಕಿಂತ ಒಂದು ಮಾತು ಹೆಚ್ಚಾದರೂ ಅವನಿಗೆ ಜಾಗ ಸಿಗುತ್ತದೆ. ರೊಟ್ಟಿಯ ಜೊತೆ ಆ ಮಾತು ಮದುವೆಮನೆಗಳಿಗೆ, ಕಲ್ಲಿನ ಕಾರ್ಖಾನೆಗಳಿಗೆ, ಬಳ್ಳಾರಿಗೆ ಹೋಯಿತು. ನಿಶ್ಚಿತಾರ್ಥದ ರೊಟ್ಟಿ ಹೇಳಲು ಬಂದ ಒಂದು ಕುಟುಂಬ ಗೋಡೆಯ ಮುಂದೆ ಬಹಳ ಹೊತ್ತು ನಿಂತಿತು. ಅವರು ಹೊಸ ಮನೆಗೆ ಅವನಿಗೇ ಮಾತು ಕೊಟ್ಟಿದ್ದರಂತೆ.

ಮುಂದಿನ ವಾರ ಅವನೇ ಬಂದ. ತಲೆ ಬರಿದಾಗಿತ್ತು. ಗಾಡಿಯಲ್ಲಿ ಸಿಮೆಂಟು, ಗಾರೆ ಕೆಲಸದ ಒಬ್ಬ ಗೌಂಡಿ.

“ಪುಗಸಟ್ಟಿ ಮಾಡಿಕೊಡ್ತೀನ್ರಿ. ಜಗುಲಿ ಗ್ವಾಡಿ ನೋಡಾಕ ಚಂದ ಇಲ್ಲ.”

“ಹೊಸ ಮನಿ ಬೆವರ್ತೈತ್ರಿ,” ಎಂದೆ. “ಒಂದ್ ಬ್ಯಾಸಿಗಿ ಹೋಗ್ಲಿ.”

“ಮೇಡಂ, ಸಾಕ್ ಮಾಡ್ರಿ. ಮೂರು ಪಾರ್ಟಿ ಕೈಬಿಟ್ಟಾವ. ಆ ಫ್ಲೆಕ್ಸೂ ಇಳಿಸ್ತೀನಿ.”

ಇದಕ್ಕೆ ಹೇಳಬೇಕಾದ ಮಾತುಗಳನ್ನು ನಾನು ಒಂದು ವರ್ಷದಿಂದ ಜೋಡಿಸಿಟ್ಟಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಮ್ಮ ಕೈಯ ಹಿಟ್ಟು ಒರೆಸುತ್ತ ಹೊರಗೆ ಬಂದಳು. ಇವಳು ಒಪ್ಪಿಬಿಡುತ್ತಾಳೆ ಎಂದುಕೊಂಡೆ. ಅವಳ ಮುಖದಲ್ಲಿ ಆ ಹಳೆಯ ಕರಗುವ ನಗೆಯಿತ್ತು.

“ಬಿಸಿಲಾಗ ಬಂದೀರಿ. ಉಂಡೀರೇನು?”

“ಇಲ್ರಿ ಅವ್ವಾರ,” ಎಂದ, ಬದುಕಿದೆ ಎನ್ನುವವನ ದನಿಯಲ್ಲಿ.

ಅವನನ್ನು ಬೆಂಚಿನ ಮೇಲೆ, ಗೋಡೆಗೆ ಮುಖ ಮಾಡಿ ಕೂರಿಸಿದಳು. ಬಿಸಿರೊಟ್ಟಿ, ಬದನೆಕಾಯಿ ಪಲ್ಯ, ಮೊಸರು ತಂದಿಟ್ಟಳು. ನನ್ನ ಕಡೆ ತಿರುಗಿ, “ಫೋಟೊ ತಗಿಯವ್ವ. ಇವ್ರಿಗೆ ಫೋಟೊ ಅಂದ್ರ ಜೀವ,” ಎಂದಳು. ತೆಗೆದೆ. ಮಡಿಲಲ್ಲಿ ತಟ್ಟೆ, ಅದರಾಚೆ ಬಿಳಿ ಅರಳಿದ ಗೋಡೆ, ಈಚೆ ಕ್ಯಾಮೆರಾದತ್ತ ತಿರುಗಿದ ಬರಿತಲೆ. ಬೆಂಚಿನ ಮೇಲೆ ಕಾಯುತ್ತಿದ್ದ ಗಿರಾಕಿಗಳು ಸರಿದು ಜಾಗ ಕೊಟ್ಟರು.

ಅವನು ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿ ಬಾಯಿಗಿಟ್ಟ. ಅಗಿಯುವುದು ನಿಧಾನವಾಯಿತು.

“ಅವ್ವಾರ, ಪಲ್ಯಕ್ಕ ಉಪ್ಪು ಇಲ್ಲನಿಸತೈತಿ.”

“ಹೌದೇನು?” ಎಂದಳು ಚಿಕ್ಕಮ್ಮ. ಒಳಗಿದ್ದ ಹೆಂಗಸರ ರೊಟ್ಟಿಯ ಸದ್ದು ನಿಂತಿತು. “ಮುಂದಿನ ಗ್ವಾಡಿಗೆ ಐತಿ ನೋಡ್ರಿ, ಕೈಗೆ ಸಿಗತೈತಿ. ಬೊಗಸಿ ತುಂಬ ತಗೋರಿ. ನಿಮ್ಮ ಬೊಗಸಿ ದೊಡ್ಡದಂತಲ್ಲ.”

ಅಷ್ಟು ವರ್ಷಗಳಲ್ಲಿ ಅವಳ ಕೈಯ ಪಲ್ಯಕ್ಕೆ ಉಪ್ಪು ಕಮ್ಮಿಯಾದದ್ದನ್ನು ನಾನು ಕಂಡಿರಲಿಲ್ಲ.